ಭೂಕಂಪದ ಅಲೆ ಹಿಡಿದು ಮನೆಗೊಂದು ಬೆಂಚು ಮಾಡೋದು ಹೇಗೆ

ಭೂಕಂಪದಿಂದ ಸ್ಫೂರ್ತಿ ತಗೊಂಡು ಫರ್ನಿಚರ್ ಡಿಸೈನ್ ಮಾಡ್ತೀನಿ ಅಂತ ಕೂತ್ರೆ ಹತ್ರಲ್ಲಿ ಒಂಬತ್ತು ಜನರ ಸ್ಕೆಚ್‌ಬುಕ್ಕಲ್ಲಿ ಮೊದ್ಲು ಬರೋದು ಬಿರುಕು ಬಿಟ್ಟ ಟೇಬಲ್ಲು, ವಾಲಿ ನಿಂತ ಕಪಾಟು, ಮುರಿದ ಹಾಗೆ ಕಾಣೋ ಕುರ್ಚಿ. ದಯವಿಟ್ಟು ಆ ದಾರಿ ಬಿಟ್ಬಿಡಿ. ನಾವಿರೋದು ಪುಣೆಯಲ್ಲಿ. ಇಲ್ಲಿಂದ ದಕ್ಷಿಣಕ್ಕೆ ಕೊಯ್ನಾ ಇದೆ, 1967ರ ಡಿಸೆಂಬರ್ 11ರ ಬೆಳಗಿನ ಜಾವ ಅಲ್ಲಿ 6.3 ತೀವ್ರತೆಯ ಕಂಪ ಆಗಿ ಸುಮಾರು 180 ಜನ ಹೋದ್ರು. ಪೂರ್ವಕ್ಕೆ ಕಿಲ್ಲಾರಿ ಇದೆ, 1993ರ ಸೆಪ್ಟೆಂಬರ್ 30, ಗಣಪತಿ ಬಿಟ್ಟು ಬಂದು ಮಲಗಿದ ಜನ, ನಸುಕಿನಲ್ಲಿ ಮಣ್ಣು-ಕಲ್ಲಿನ ಗೋಡೆ ಮತ್ತೆ ಭಾರದ ಮಾಳಿಗೆ ಮೈಮೇಲೆ ಬಿದ್ದು ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ರು. ಕಲಬುರಗಿ, ಬೀದರ್ ಕಡೆಯಿಂದ ಇಲ್ಲಿಗೆ ಬಂದು ನೆಲೆಸಿರೋ ನಮ್ಮ ಎಷ್ಟೋ ಮನೆಗಳಲ್ಲಿ ಆ ಬೆಳಗಿನ ಜಾವದ ನೆನಪು ಇನ್ನೂ ಇದೆ. ಆ ಮನೆಗಳ ಡ್ರಾಯಿಂಗ್ ರೂಮಲ್ಲಿ ಒಡೆದುಹೋದದ್ದನ್ನ ಅಲಂಕಾರ ಮಾಡಿ ಇಡೋದು ನನಗೆ ಸರಿ ಕಾಣಲ್ಲ. ಆದ್ರೆ ನೆಲ ಹೇಗೆ ಚಲಿಸಿತು, ಯಾವ ಅಲೆ ಮೊದ್ಲು ಬಂತು, ಯಾವುದು ಎಷ್ಟು ಹೊತ್ತಿಗೆ ಬಂತು, ಹೇಗೆ ಜೋರಾಗಿ ಹೇಗೆ ಇಳೀತು, ಇದ್ರಲ್ಲಿ ಡಿಸೈನಿಗೆ ಬೇಕಾದ ಲಯ, ಅಂತರ, ಏರಿಳಿತ ಎಲ್ಲಾ ಇದೆ. ಒಡೆತ ಬಿಟ್ಟು ಚಲನೆ ತಗೊಳ್ಳಿ, ಈ ಗೈಡ್ ಪೂರ್ತಿ ಅದೇ.

ಮೊದ್ಲು ಅಲೆಗಳನ್ನ ಕೈಯಾರೆ ನೋಡ್ಕೊಳ್ಳಿ, ಓದಿ ತಿಳ್ಕೊಂಡ್ರೆ ಸಾಲಲ್ಲ. ಮಕ್ಕಳು ಆಡೋ ಸ್ಲಿಂಕಿ ಸ್ಪ್ರಿಂಗ್ ಒಂದನ್ನ ನೆಲದ ಮೇಲೆ ಎಳೆದಿಟ್ಟು ಒಂದು ತುದಿಯನ್ನ ಉದ್ದಕ್ಕೇ ಒಮ್ಮೆ ತಳ್ಳಿ, ಸುರುಳಿಗಳು ಒಂದು ಕಡೆ ಒತ್ತಾಗಿ, ಹಿಂದೇನೇ ಸಡಿಲಾಗಿ, ಆ ಒತ್ತಡ ಆಚೆ ತುದಿವರೆಗೂ ಓಡತ್ತೆ. ಇದು ಪಿ ಅಲೆ, ಕಲ್ಲಿನ ಪದರದಲ್ಲಿ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡತ್ತೆ, ಎಲ್ಲಕ್ಕಿಂತ ಮೊದ್ಲು ಬರೋದು ಇದೇ. ಆಮೇಲೆ ಒಂದು ಹಗ್ಗ ಕಿಟಕಿ ಗ್ರಿಲ್ಲಿಗೆ ಕಟ್ಟಿ ಅಡ್ಡಡ್ಡ ಅಲ್ಲಾಡ್ಸಿ. ಹಗ್ಗ ಎಡಕ್ಕೆ ಬಲಕ್ಕೆ ಹೋಗತ್ತೆ, ಅಲೆ ಮಾತ್ರ ಮುಂದಕ್ಕೆ ಓಡತ್ತೆ. ಇದು ಎಸ್ ಅಲೆ, ಸೆಕೆಂಡಿಗೆ ಸುಮಾರು 3.5 ಕಿಲೋಮೀಟರ್, ಹಿಂದೆ ಬಂದ್ರೂ ಪೆಟ್ಟು ದೊಡ್ಡದು. ಇವೆರಡರ ನಂತರ ನೆಲದ ಮೇಲ್ಮೈ ಹಿಡ್ಕೊಂಡು ಬರೋ ಅಲೆಗಳು: ಲವ್ ಅಲೆ ನೆಲವನ್ನ ಮಟ್ಟವಾಗೇ ಅಡ್ಡಕ್ಕೆ ಎಳೆದಾಡತ್ತೆ, ರೇಲೀ ಅಲೆ ನೆಲದ ಪ್ರತಿ ಕಣವನ್ನೂ ಮೊಟ್ಟೆಯಾಕಾರದ ಸುತ್ತಿನಲ್ಲಿ, ಅದೂ ಹಿಂದುಮುಂದಾಗಿ, ತಿರುಗಿಸತ್ತೆ. ಲಾರ್ಡ್ ರೇಲೀ ಇದನ್ನ 1885ರಲ್ಲಿ ಬರೀ ಲೆಕ್ಕದಿಂದಲೇ ಹೇಳಿದ್ದು.

ಈಗ ಡಿಸೈನರ್ ಕಣ್ಣಲ್ಲಿ ನೋಡಿ. ಪಿ ಅಲೆ ಅಂದ್ರೆ ಅಂತರದ ಆಟ, ಒತ್ತು-ಸಡಿಲು. ಎಸ್ ಮತ್ತೆ ಲವ್ ಅಂದ್ರೆ ಸ್ಥಾನದ ಆಟ, ಅದೇ ತುಂಡು ಆಚೀಚೆ ಸರಿಯೋದು. ರೇಲೀ ಅಂದ್ರೆ ಸುತ್ತು, ತೂಗು ಕುರ್ಚಿಯ ಕೆಳಗಿನ ಬಾಗಿಗೆ ಅದು ಚೆನ್ನಾಗಿ ಹೊಂದತ್ತೆ. ಹೀಗೆ ಒಂದೊಂದು ಅಲೆಗೂ ಒಂದೊಂದು ಕೆಲಸ ಹಂಚಿಬಿಟ್ರೆ ನಿಮ್ಮ ಡಿಸೈನ್ ಸುಮ್ನೆ ಅಂಕುಡೊಂಕು ಗೆರೆ ಆಗಲ್ಲ.

ಗೆರೆ ಬಗ್ಗೆ ಇನ್ನೊಂದು ಮಾತು. ಸಿಸ್ಮೋಗ್ರಾಮ್, ಅಂದ್ರೆ ನೆಲ ಅಲ್ಲಾಡಿದ್ದನ್ನ ಉಪಕರಣ ಬರೆದಿಟ್ಟ ಗೆರೆ, ಅದರ ಚಿತ್ರ ಡೌನ್‌ಲೋಡ್ ಮಾಡಿ ಅದನ್ನೇ ಕಂಪ್ಯೂಟರ್ ನಡೆಸೋ ಸಿಎನ್‌ಸಿ ಯಂತ್ರಕ್ಕೆ ಕೊಟ್ಟು ಟೇಬಲ್ ಮೇಲೆ ಕೊರೆಸೋರು ತುಂಬಾ ಜನ ಇದಾರೆ. ಅದು ಟೇಬಲ್ ಮೇಲೆ ಗ್ರಾಫ್ ಅಂಟಿಸಿದ್ದಷ್ಟೇ, ಟೇಬಲ್ ತಾನಾಗಿ ಏನೂ ಹೇಳಲ್ಲ. ಇಟಲಿಯ ಫೆರುಚ್ಚೋ ಲವಿಯಾನಿ ಅವರ ‘ಗುಡ್ ವೈಬ್ರೇಷನ್ಸ್’ ಅನ್ನೋ ಕಪಾಟಿನ ಫೋಟೋ ಹುಡುಕಿ ನೋಡಿ, ಹಳೇ ಕೆತ್ತನೆಯ ಕಪಾಟು ಅಡ್ಡಕ್ಕೆ ಎಳೆದ ಹಾಗೆ ಪದರ ಪದರವಾಗಿ ಸರಿದಿದೆ, ಆದ್ರೂ ಕಪಾಟಾಗೇ ನಿಂತಿದೆ. ಅಲ್ಲಿ ಭೂಕಂಪದ ವಿಷಯ ಇಲ್ಲ, ಆದ್ರೆ ಸರಿಯೋದನ್ನ ವಸ್ತುವಿನ ಮೈಯಲ್ಲೇ ತರೋದು ಅಂದ್ರೇನು ಅಂತ ಗೊತ್ತಾಗತ್ತೆ.

ಸರಿ, ನಾನು ಎಲ್ರಿಗೂ ಮೊದಲ ಪ್ರಾಜೆಕ್ಟಾಗಿ ಹೇಳೋದು ಆರಡಿ ಬೆಂಚು. ಪುಣೆಯಿಂದ ಕೊಯ್ನಾನಗರ ನೇರ ಗೆರೆಯಲ್ಲಿ ಸುಮಾರು 125 ಕಿಲೋಮೀಟರ್. ಪಿ ಬಂದಾದ್ಮೇಲೆ ಎಸ್ ಬರೋವರೆಗಿನ ಅಂತರವನ್ನ ಸೆಕೆಂಡಲ್ಲಿ ಅಳೆದು ಸುಮಾರು 8ರಿಂದ ಗುಣಿಸಿದ್ರೆ ಕಂಪ ಎಷ್ಟು ದೂರದಲ್ಲಿ ಆಯ್ತು ಅಂತ ಕಿಲೋಮೀಟರಲ್ಲಿ ಬರತ್ತೆ, ಇದು ಭೂಕಂಪ ಕಲಿಯೋ ಎಲ್ರೂ ಮೊದ್ಲು ಮಾಡೋ ಲೆಕ್ಕ. ಇದನ್ನ ತಿರುಗಿಸಿ ನೋಡಿದ್ರೆ ಕೊಯ್ನಾದಲ್ಲಿ ನೆಲ ಜಾರಿದ್ರೆ ಪುಣೆಯ ನೆಲದಲ್ಲಿ ಪಿಗೂ ಎಸ್‌ಗೂ ಮಧ್ಯ ಸುಮಾರು 15 ಸೆಕೆಂಡ್ ಇರತ್ತೆ. ಈ 15 ಸೆಕೆಂಡೇ ನಮ್ಮ ಬೆಂಚಿನ ಜೀವ. ಸೆಕೆಂಡಿಗೆ 4 ಸೆಂಟಿಮೀಟರ್ ಅಂತ ಅಳತೆ ಇಟ್ಕೊಳ್ಳಿ, 180 ಸೆಂಟಿಮೀಟರಲ್ಲಿ 45 ಸೆಕೆಂಡ್ ಬಂತು, ಸೆಕೆಂಡಿಗೊಂದು ಮರದ ಪಟ್ಟಿ ಅಂದ್ರೆ 45 ಪಟ್ಟಿ.

ಪಟ್ಟಿಗಳು ಎಲ್ಲಾ ಒಂದೇ ಅಳತೆ: 40 ಸೆಂ.ಮೀ. ಉದ್ದ, 30 ಮಿ.ಮೀ. ಅಗಲ, 25 ಮಿ.ಮೀ. ದಪ್ಪ. ಬೆಂಚಿನ ಉದ್ದಕ್ಕೆ ಅಡ್ಡಲಾಗಿ, ಮುಂದಿನಿಂದ ಹಿಂದಕ್ಕೆ ಹಾಕೋದು, ಮಧ್ಯ ಸರಾಸರಿ 10 ಮಿ.ಮೀ. ಸಂದು. ಯಾವ ಪಟ್ಟಿಯನ್ನೂ ಬೇರೆ ಆಕಾರಕ್ಕೆ ಕತ್ತರಿಸೋದಿಲ್ಲ, ಮೇಲಕ್ಕೆ ಕೆಳಕ್ಕೆ ಮಾಡೋದಿಲ್ಲ. ಕೂರೋ ಜಾಗ ಪೂರ್ತಿ ಮಟ್ಟ. ಚಲನೆ ಎಲ್ಲಾ ಸಂದಿನಲ್ಲಿ ಮತ್ತೆ ಅಂಚಿನಲ್ಲಿ. ನೋಡೋಕೆ ಅಲೆ ಬೇಕು ಅಂತ ಕೂರೋ ಜಾಗವನ್ನೇ ಅಲೆ ಮಾಡಿದ ಬೆಂಚುಗಳನ್ನ ಶೋರೂಮಲ್ಲಿ ನೋಡಿದೀನಿ, ಐದು ನಿಮಿಷಕ್ಕಿಂತ ಜಾಸ್ತಿ ಕೂರೋಕಾಗಲ್ಲ, ಬೆಂಚು ಅನ್ನೋದು ಕೂರೋಕೆ.

ಎಡಗಡೆಯಿಂದ ಶುರು ಮಾಡಿ. ಮೊದಲ 3 ಪಟ್ಟಿ ಸುಮ್ನೆ ನೇರ, 10 ಮಿ.ಮೀ. ಸಂದು, ನೆಲ ಇನ್ನೂ ಅಲ್ಲಾಡಿಲ್ಲ. ಆಮೇಲಿನ 15 ಪಟ್ಟಿ ಪಿ ಅಲೆಯದು. ಇಲ್ಲಿ ಅಂಚು ನೇರವಾಗೇ ಇರತ್ತೆ, ಸಂದು ಮಾತ್ರ ಬದಲಾಗತ್ತೆ: ಒಂದು 4 ಮಿ.ಮೀ., ಪಕ್ಕದ್ದು 16, ಮತ್ತೆ 4, ಮತ್ತೆ 16, ಹೀಗೆ ಕೆಲವು ಆದ್ಮೇಲೆ 6 ಮತ್ತೆ 14, ಕೊನೆಗೆ 8 ಮತ್ತೆ 12. ಎರಡೆರಡು ಸಂದು ಕೂಡಿದ್ರೆ ಯಾವಾಗ್ಲೂ 20 ಬರೋ ಹಾಗೆ ನೋಡ್ಕೊಂಡ್ರೆ ಒಟ್ಟು ಉದ್ದ ಹೆಚ್ಚುಕಮ್ಮಿ ಆಗಲ್ಲ. 16ಕ್ಕಿಂತ ದೊಡ್ಡ ಸಂದು ಬಿಡ್ಬೇಡಿ, ಚಿಕ್ಕ ಮಕ್ಕಳ ಕೈ, ಮೊಬೈಲು, ಚಾವಿ ಎಲ್ಲಾ ಸಿಕ್ಕೊಳ್ಳತ್ತೆ.

19ನೇ ಪಟ್ಟಿಯಿಂದ ಎಸ್. ಇಲ್ಲಿ ಸಂದು ಮತ್ತೆ ಸಮ ಆಗತ್ತೆ, ಪಟ್ಟಿಗಳು ಮುಂದಕ್ಕೆ ಹಿಂದಕ್ಕೆ ಸರಿಯೋಕೆ ಶುರು. ಮೊದಲನೇದು 60 ಮಿ.ಮೀ. ಸರಿಸಿ, ಅಲ್ಲಿಂದ ಪ್ರತಿ ಪಟ್ಟಿಗೂ ಹಿಂದಿನದ್ದರ ಹತ್ತರಲ್ಲಿ ಒಂಬತ್ತು ಭಾಗ: 60, 54, 49, 44, 39, 35, 32, 29, 26, 23, 21, 19 ಅಂತ ಇಳ್ಕೊಂಡು ಹೋದ್ರೆ 27 ಪಟ್ಟಿ ಮುಗಿಯೋ ಹೊತ್ತಿಗೆ ಸುಮಾರು 4 ಮಿ.ಮೀ. ಉಳಿಯತ್ತೆ. ಕಂಪ ಇಳಿಯೋದೂ ಸುಮಾರಾಗಿ ಹೀಗೇ, ಆ ಕ್ಷಣಕ್ಕೆ ಎಷ್ಟಿದೆಯೋ ಅದರ ಒಂದು ಪಾಲು ಕಮ್ಮಿ ಆಗ್ತಾ ಹೋಗತ್ತೆ, ಒಮ್ಮೆಲೆ ನಿಲ್ಲಲ್ಲ. ದಿಕ್ಕಿನ ವಿಷಯಕ್ಕೆ ಬಂದ್ರೆ ಒಂದು ಮುಂದೆ ಒಂದು ಹಿಂದೆ ಅಂತ ಹಾಕಿದ್ರೆ ಬಾಚಣಿಗೆ ಥರ ಕಾಣತ್ತೆ, ಅದಕ್ಕೇ ಮೊದ್ಲು ಎರಡು ಮುಂದೆ ಎರಡು ಹಿಂದೆ, ಆಮೇಲೆ ಮೂರು-ಮೂರು, ಕೊನೇ ಭಾಗದಲ್ಲಿ ನಾಲ್ಕು-ನಾಲ್ಕು ಮಾಡಿ. ಇದು ಕಣ್ಣಿಗೆ ಚಂದ ಅಂತಷ್ಟೇ ಹೇಳ್ತಿಲ್ಲ, ನಿಜವಾದ ದಾಖಲೆಯಲ್ಲೂ ಹಿಂದೆ ಬರೋ ಮೇಲ್ಮೈ ಅಲೆಗಳು ನಿಧಾನ ಮತ್ತೆ ಉದ್ದ ಇರತ್ತೆ.

ಇಷ್ಟಾದ್ಮೇಲೆ ನಿಜವಾದ ಒಂದು ದಾಖಲೆ ಎದುರಿಗಿಟ್ಟು ತಿದ್ದಿ. ಕೊಯ್ನಾ ಅಣೆಕಟ್ಟಿನ ಒಳಗಿನ ಗ್ಯಾಲರಿಯಲ್ಲಿ ಇದ್ದ ಉಪಕರಣ 1967ರಲ್ಲಿ ಬರೆದ ಗೆರೆ ಪ್ರಪಂಚದ ಡ್ಯಾಮ್ ಎಂಜಿನಿಯರುಗಳಿಗೆಲ್ಲ ಪರಿಚಯ, ಇವತ್ತಿಗೂ ಡ್ಯಾಮ್ ಡಿಸೈನ್ ಪರೀಕ್ಷೆ ಮಾಡೋಕೆ ಅದನ್ನ ಬಳಸ್ತಾರೆ, ಅದರ ಚಿತ್ರ ಎಷ್ಟೋ ಕಡೆ ಸಿಗತ್ತೆ. ಆದ್ರೆ ಒಂದು ನೆನಪಿರ್ಲಿ, ಅದು ಕಂಪದ ಪಕ್ಕದಲ್ಲೇ ಬರೆದದ್ದು, ಅಲ್ಲಿ ಪಿಗೂ ಎಸ್‌ಗೂ ಮಧ್ಯ ನಮ್ಮ 15 ಸೆಕೆಂಡ್ ಕಾಣಲ್ಲ. ಏರಿಳಿತದ ಸ್ವಭಾವ ಅದರಿಂದ ತಗೊಳ್ಳಿ, ಅಂತರ ನಿಮ್ಮೂರಿನ ದೂರದಿಂದ ತಗೊಳ್ಳಿ. ಸೆಕೆಂಡಿಗೆ ಎಷ್ಟೋ ಸಲ ಹೋಗಿಬರೋ ಗೆರೆಯನ್ನ ಸೆಕೆಂಡಿಗೊಂದು ಪಟ್ಟಿಯಲ್ಲಿ ಪೂರ್ತಿ ತೋರಿಸೋಕೆ ಆಗಲ್ಲ, ಹಂಗಾಗಿ ಪ್ರತಿ ಸೆಕೆಂಡಿನ ಅತಿ ದೊಡ್ಡ ಏರು ಎಷ್ಟು ಅಂತ ಮಾತ್ರ ನೋಡಿ. ಲೆಕ್ಕದ ಇಳಿಕೆ ತುಂಬಾ ನಯವಾಗಿರತ್ತೆ, ನಿಜವಾದ ಗೆರೆ ಇಳೀತಾ ಇಳೀತಾ ಮಧ್ಯ ಒಮ್ಮೆ ಮತ್ತೆ ಉಬ್ಬತ್ತೆ. ಆ ಉಬ್ಬು ಇರೋ ಎರಡು ಮೂರು ಪಟ್ಟಿಯನ್ನ ಸ್ವಲ್ಪ ಜಾಸ್ತಿ ಸರಿಸಿ. ಬೆಂಚು ಲೆಕ್ಕದ ಪುಸ್ತಕದಿಂದ ಎದ್ದು ನೆಲಕ್ಕೆ ಬರೋದು ಇಲ್ಲೇ.

ಮರಕ್ಕೆ ಬನ್ನಿ. ಪುಣೆಯಲ್ಲಿ ಹಳೇ ವಾಡೆಗಳನ್ನ ಕೆಡವಿದಾಗ ಬರೋ ಸಾಗವಾನಿ ಇದಕ್ಕೆ ಅತ್ಯುತ್ತಮ, ಹತ್ತಾರು ವರ್ಷ ಒಣಗಿರೋ ಮರ, ಇನ್ನು ತಿರುಚೋದು ಕಮ್ಮಿ. ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್ಟಲ್ಲಿ ಹೊಸಾ ಮರ ಸಿಗತ್ತೆ, ಹಳೇದಕ್ಕೆ ಅಲ್ಲೇ ಸುತ್ತಮುತ್ತ ವಿಚಾರಿಸಿ, ಬುಧವಾರ ಭಾನುವಾರ ಜುನಾ ಬಜಾರಲ್ಲೂ, ಅಂದ್ರೆ ಹಳೇ ಸಾಮಾನಿನ ಸಂತೆಯಲ್ಲೂ, ಒಂದು ಸುತ್ತು ಹಾಕಿ. ಹಳೇ ಮರದೊಳಗೆ ಮೊಳೆ ತುಂಡಾಗಿ ಕೂತಿರತ್ತೆ, ಕುಯ್ಯೋಕೆ ಕೊಡೋ ಮುಂಚೆ ಒಂದು ಜೋರಾದ ಮ್ಯಾಗ್ನೆಟ್ ಎಲ್ಲಾ ಕಡೆ ಆಡ್ಸಿ. ಚಿಕ್ಕ ಪಟ್ಟಿಗಳಾದ್ರಿಂದ ತುಂಡು ಮರವೇ ಸಾಕು, ಉದ್ದ ತೊಲೆ ಬೇಕಾಗೋದು ಎರಡೇ.

ಆ ಎರಡು ತೊಲೆ ಬೆಂಚಿನ ಕೆಳಗೆ ಉದ್ದಕ್ಕೆ ಹೋಗೋದು, 35 ಮಿ.ಮೀ. ಅಗಲ 60 ಮಿ.ಮೀ. ಎತ್ತರ. ಇವುಗಳ ಮಧ್ಯದ ದೂರ ತಪ್ಪಿದ್ರೆ ಪಟ್ಟಿಗಳಿಗೆ ಆಧಾರ ಸಿಗಲ್ಲ, ಅದಕ್ಕೇ ಬಿಡಿಸಿ ಹೇಳ್ತೀನಿ. ಪಟ್ಟಿ 40 ಸೆಂ.ಮೀ., ಅಂದ್ರೆ ನಡುಗೆರೆಯಿಂದ ಆಚೀಚೆ 20. ಅದನ್ನ 6 ಸರಿಸಿದ್ರೆ ಒಂದು ಕಡೆ 14 ಮಾತ್ರ ಉಳಿಯತ್ತೆ. ತೊಲೆ ಆ 14ರ ಒಳಗೇ ಇರ್ಬೇಕು. ನಡುಗೆರೆಯಿಂದ 11 ಸೆಂ.ಮೀ.ಗೆ ಒಂದೊಂದು ಇಟ್ರೆ ಎಲ್ಲಾ ಪಟ್ಟಿನೂ ಎರಡೂ ತೊಲೆ ಮೇಲೆ ಚೆನ್ನಾಗಿ ಕೂರತ್ತೆ. ಕಾಲುಗಳು ಮಾತ್ರ ತೊಲೆಯಷ್ಟೇ ಕಿರಿದಾಗಿ ನಿಲ್ಲಬಾರದು, ಕೆಳಗೆ ಪಾದದ ಅಗಲ 46 ಸೆಂ.ಮೀ. ಇರ್ಲಿ, ಇಲ್ಲದಿದ್ರೆ ಮುಂದಕ್ಕೆ ಚಾಚಿದ ಪಟ್ಟಿಯ ತುದಿಯಲ್ಲಿ ಯಾರಾದ್ರೂ ಕೂತಾಗ ಬೆಂಚೇ ಎತ್ಕೊಳ್ಳತ್ತೆ. ಕಾಲುಗಳನ್ನ ಎರಡೂ ತುದಿಯಿಂದ 30 ಸೆಂ.ಮೀ. ಒಳಗೆ ಹಾಕಿ, ಕೂರೋ ಎತ್ತರ 45.

ಸ್ಕ್ರೂ ಮೇಲಿಂದ ಬೇಡ. ತೊಲೆಯ ಕೆಳಗಿನಿಂದ 30 ಮಿ.ಮೀ. ಆಳಕ್ಕೆ ದೊಡ್ಡ ತೂತು ಹಾಕಿ, ಉಳಿದ 30ರಲ್ಲಿ ಸಣ್ಣ ತೂತು, ಅದರಲ್ಲಿ 50 ಮಿ.ಮೀ. ಸ್ಕ್ರೂ ಬಿಟ್ರೆ ಪಟ್ಟಿಯೊಳಗೆ 20 ಹೋಗತ್ತೆ, ಮೇಲೆ 5 ಮಿ.ಮೀ. ಉಳಿಯತ್ತೆ. ಪಟ್ಟಿಗೆ ಎರಡು ಸ್ಕ್ರೂ, ತೊಲೆಗೊಂದರಂತೆ. ಪಟ್ಟಿಗಳಿಗೆ ಫೆವಿಕಾಲ್ ಹಾಕ್ಬೇಡಿ. ಮುಂಬೈ, ಗೋವಾ ಮಳೆಗಾಲದಲ್ಲಿ ಮರ ಉಬ್ಬತ್ತೆ, ಅದಕ್ಕೆ ಉಸಿರಾಡೋಕೆ ಜಾಗ ಬೇಕು, ಮತ್ತೆ ಒಂದು ಪಟ್ಟಿ ಹಾಳಾದ್ರೆ ಅದೊಂದನ್ನೇ ಬಿಚ್ಚಿ ಬದಲಾಯಿಸ್ಬೋದು.

ಬಡಗಿಗೆ ಕೆಲಸ ಕೊಡೋರಿಗೆ: ಇಲ್ಲಿನ ಸುತಾರ್‌ಗಳು ಹೆಚ್ಚಿನವರು ಇಂಚು ಮತ್ತೆ ಸೂತ್‌ನಲ್ಲಿ ಮಾತಾಡ್ತಾರೆ, ಒಂದು ಇಂಚಿಗೆ 8 ಸೂತ್, ಸೂತ್ ಅಂದ್ರೆ ಸುಮಾರು 3 ಮಿ.ಮೀ. ನಿಮ್ಮ ಅಳತೆಗಳನ್ನ ಮಿ.ಮೀ.ನಲ್ಲಿ ಬರೆದು ಕೊಟ್ಟು ಬಂದ್ರೆ ಗೊಂದಲ ಆಗತ್ತೆ. ಅದಕ್ಕಿಂತ 180 ಸೆಂ.ಮೀ.ನ ಒಂದು ತೆಳು ಪ್ಲೈ ಪಟ್ಟಿ ತಗೊಂಡು ಅದರ ಮೇಲೆ ಪ್ರತಿ ಪಟ್ಟಿ ಎಲ್ಲಿ ಕೂರತ್ತೆ ಅಂತ ಗುರುತು ಹಾಕಿ, 1ರಿಂದ 45 ನಂಬರ್ ಬರೆದು, ನಂಬರ್ ಪಕ್ಕ ಎಷ್ಟು ಸೂತ್ ಮುಂದೆ ಎಷ್ಟು ಸೂತ್ ಹಿಂದೆ ಅಂತ ಬರೆದುಕೊಡಿ. ಪಟ್ಟಿಗಳ ಹೊಟ್ಟೆಗೂ ಅದೇ ನಂಬರ್ ಪೆನ್ಸಿಲಲ್ಲಿ. ಸ್ಕ್ರೂ ಹಾಕೋ ಮುಂಚೆ ಎಲ್ಲಾ ಪಟ್ಟಿನೂ ಸುಮ್ನೆ ಇಟ್ಟು, ಸ್ಟೂಲ್ ಮೇಲೆ ನಿಂತು ಮೇಲಿಂದ ಒಮ್ಮೆ, ಬಾಗಿಲಲ್ಲಿ ನಿಂತು ಉದ್ದಕ್ಕೆ ಒಮ್ಮೆ ನೋಡಿ. ಉದ್ದಕ್ಕೆ ನೋಡಿದಾಗ ಪಿ ಭಾಗ ಬರೀ ನೆರಳಿನ ದಪ್ಪ-ತೆಳು ಆಗಿ ಕಾಣ್ಬೇಕು, ಎಸ್ ಭಾಗ ಥಟ್ಟನೆ ಹೊರಗೆ ಚಾಚ್ಬೇಕು. ಆ ಥಟ್ಟನೆ ಅನ್ನೋದು ಕಾಣ್ತಿಲ್ಲ ಅಂದ್ರೆ ಮೊದಲ ಎರಡು ಪಟ್ಟಿ ಇನ್ನೂ ಒಂದು ಸೂತ್ ಸರಿಸಿ. ಚಾಚಿದ ತುದಿಗಳನ್ನ ಮರಳು ಕಾಗದದಲ್ಲಿ ಚೆನ್ನಾಗಿ ಗುಂಡಗೆ ಮಾಡಿ, ಮೊಣಕಾಲಿನ ಹಿಂಭಾಗಕ್ಕೆ ತಾಗೋದು ಅದೇ. ಎಸ್ ತುದಿಯನ್ನ ಓಡಾಡೋ ದಾರಿ ಕಡೆ ಇಡ್ಬೇಡಿ. ಪಾಲಿಶ್ ನಿಮ್ಮಿಷ್ಟ, ಆದ್ರೆ ಬಣ್ಣ ಬಳಿದು ಪಿ ಒಂದು ಬಣ್ಣ ಎಸ್ ಒಂದು ಬಣ್ಣ ಮಾಡೋದು ಬೇಡ, ನೆರಳೇ ಆ ಕೆಲಸ ಮಾಡತ್ತೆ.

ಬೆಂಚು ಬೇಡ, ಡ್ರಾಯರ್ ಕಪಾಟು ಬೇಕು ಅನ್ನೋರು ಅಲೆ ಬಿಟ್ಟು ಬಿರುಕಿನ ಎರಡೂ ಬದಿಯ ಜಾರುವಿಕೆ ತಗೊಳ್ಬೋದು. ಕೊಯ್ನಾದಲ್ಲಿ ನೆಲ ಅಡ್ಡಕ್ಕೆ ಜಾರಿದ್ದು, ಒಂದು ಬದಿಯಲ್ಲಿ ನಿಂತು ನೋಡಿದ್ರೆ ಆಚೆ ಬದಿ ಎಡಕ್ಕೆ ಸರಿದಿತ್ತು. ಕಿಲ್ಲಾರಿಯಲ್ಲಿ ಒಂದು ಪದರ ಇನ್ನೊಂದರ ಮೇಲೆ ಏರಿದ್ದು. ಮೊದಲನೇದಕ್ಕೆ ಮೇಲಿನ ಎರಡು ಡ್ರಾಯರ್ ಪೂರ್ತಿಯಾಗಿ 4 ಸೆಂ.ಮೀ. ಎಡಕ್ಕೆ ಕೂತಿರೋ ಕಪಾಟು, ಎರಡನೇದಕ್ಕೆ ಒಂದು ಓರೆ ಗೆರೆಯಲ್ಲಿ ಕತ್ತರಿಸಿ ಬಲಭಾಗ ಎಡಭಾಗದ ಮೇಲೆ ಸ್ವಲ್ಪ ಏರಿ ಕೂತಿರೋ ಸೈಡ್‌ಬೋರ್ಡ್. ಸರಿದ ಜಾಗದಲ್ಲಿ ಮರದ ಗೆರೆ ಒಂದಕ್ಕೊಂದು ಮುಂದುವರಿಯೋ ಹಾಗಿದ್ರೆ ಮಾತ್ರ ಸರಿದದ್ದು ಗೊತ್ತಾಗತ್ತೆ, ಹಂಗಾಗಿ ಎಲ್ಲಾ ಮುಖಗಳನ್ನ ಒಂದೇ ಹಲಗೆಯಿಂದ ತೆಗೀರಿ.

ಪುಸ್ತಕದ ಕಪಾಟು ಮಾಡೋರು ಈ ಭಾಗ ದಯವಿಟ್ಟು ಬಿಡ್ಬೇಡಿ. ಒಂದು ನಿಂತ ವಸ್ತು ಉರುಳೋಕೆ ಎಷ್ಟು ಅಡ್ಡ ತಳ್ಳು ಬೇಕು ಅನ್ನೋದರ ಸರಳ ಲೆಕ್ಕ ಅದರ ಆಳವನ್ನ ಎತ್ತರದಿಂದ ಭಾಗಿಸೋದು. 180 ಸೆಂ.ಮೀ. ಎತ್ತರ, 35 ಆಳದ ಕಪಾಟಿಗೆ 0.19 ಬಂತು, ಅಂದ್ರೆ ಗುರುತ್ವದ ಸುಮಾರು ಐದರಲ್ಲೊಂದು ಭಾಗ. ಕೊಯ್ನಾ ಡ್ಯಾಮಿನ ಉಪಕರಣ ಬರೆದದ್ದು 0.63. ಭೂಕಂಪದ ಹೆಸರಲ್ಲಿ ಮಾಡಿದ ಕಪಾಟು ಭೂಕಂಪದಲ್ಲಿ ಮಲಗಿದವರ ಮೇಲೆ ಬೀಳೋದಾದ್ರೆ ಆ ಡಿಸೈನೇ ಬೇಡ. ಖಾಲಿ ಕಪಾಟಿನ ಹಿಂದಿನ ಅಂಚನ್ನ ನಿಧಾನಕ್ಕೆ ಎತ್ತಿ ನೋಡಿ, ಮುಂದೆ ಇನ್ನೊಬ್ರು ಹಿಡ್ಕೊಂಡಿರ್ಲಿ, 7 ಸೆಂ.ಮೀ. ಎತ್ತೋದ್ರೊಳಗೆ ಮುಂದಕ್ಕೆ ವಾಲತ್ತೆ. ಭಾರದ ಪುಸ್ತಕ ಕೆಳಗಿನ ಅರೆಯಲ್ಲಿ, ಮೇಲ್ಭಾಗ ಎಲ್ ಬ್ರ್ಯಾಕೆಟ್ ಹಾಕಿ ಗೋಡೆಗೆ ಬಿಗಿದಿರ್ಬೇಕು. ಹೊಸಾ ಅಪಾರ್ಟ್‌ಮೆಂಟುಗಳಲ್ಲಿ ಗೋಡೆ ಹೆಚ್ಚಾಗಿ ಎಎಸಿ ಬ್ಲಾಕಿನದ್ದು, ಹಗುರ ಇಟ್ಟಿಗೆ, ಮಾಮೂಲಿ ಪ್ಲಾಸ್ಟಿಕ್ ಗೂಟ ಅದರಲ್ಲಿ ನಿಲ್ಲಲ್ಲ, ಎಎಸಿಗೇ ಅಂತ ಬರೋ ಫಾಸ್ಟನರ್ ಕೇಳಿ ತಗೊಳ್ಳಿ, ಕಾಂಕ್ರೀಟ್ ಕಂಬ ಅಥವಾ ಬೀಮ್ ಸಿಕ್ರೆ ಅದಕ್ಕೇ ಹಾಕಿ.

ಜೋಡಣೆಯಲ್ಲೂ ಕಲಿಯೋದಿದೆ. ಕಾಶ್ಮೀರದ ಧಜ್ಜಿ ದೇವಾರಿ ಮನೆಗಳಲ್ಲಿ ಮರದ ಚೌಕಟ್ಟಿನ ಚಿಕ್ಕ ಚಿಕ್ಕ ಖಾನೆಗಳಲ್ಲಿ ಕಲ್ಲು-ಮಣ್ಣು ತುಂಬಿರ್ತಾರೆ, ಅಲ್ಲಾಡಿದಾಗ ಆ ತುಂಡುಗಳು ಒಂದಕ್ಕೊಂದು ಉಜ್ಜಿ ಶಕ್ತಿಯನ್ನ ನುಂಗ್ಕೊಳ್ಳತ್ತೆ, 2005ರ ಕಂಪದಲ್ಲಿ ಅಂಥ ಮನೆಗಳು ಚೆನ್ನಾಗೇ ತಡ್ಕೊಂಡ್ವು. ನಿಮ್ಮ ಬೆಂಚಿನ ಕಾಲು-ತೊಲೆ ಕೂಡೋ ಜಾಗದಲ್ಲಿ ಅಂಟು ಬಿಟ್ಟು, ತೊಲೆಯ ನಾಲಿಗೆ ಕಾಲಿನ ತೂತಿನಿಂದ ಆಚೆ ಬಂದು ಅದಕ್ಕೊಂದು ಮರದ ಬೆಣೆ ಹೊಡೆದು ಬಿಗಿಯೋ ಥರ ಮಾಡಿಸಿ. ಇದಕ್ಕೆ ತೊಲೆಗಳ ತುದಿಗೊಂದು ಅಡ್ಡ ತುಂಡು ಬೇಕಾಗತ್ತೆ, ಕೆಲಸ ಜಾಸ್ತಿ, ಆದ್ರೆ ಸಡಿಲಾದಾಗ ಸುತ್ತಿಗೆಯಲ್ಲಿ ಎರಡು ಏಟು ಹಾಕಿದ್ರೆ ಮತ್ತೆ ಗಟ್ಟಿ, ಬಾಡಿಗೆ ಮನೆ ಬದಲಾಯಿಸುವಾಗ ಬಿಚ್ಚಿ ಟೆಂಪೋದಲ್ಲಿ ಹಾಕ್ಕೊಂಡು ಹೋಗ್ಬೋದು.

ಪರೀಕ್ಷೆ ಮಾಡೋಕೆ ದೊಡ್ಡ ಲ್ಯಾಬ್ ಬೇಡ. ಐದರಲ್ಲಿ ಒಂದು ಅಳತೆಯ ಮಾದರಿ ಮಾಡಿ, ಡ್ರಾಯರಿಗೆ ಹಾಕೋ ಟೆಲಿಸ್ಕೋಪಿಕ್ ಚಾನೆಲ್ ಒಂದು ಜೊತೆ ತಗೊಂಡು ಅದರ ಮೇಲೆ ಹಲಗೆ ಕೂರಿಸಿದ್ರೆ ಅಡ್ಡ ಅಲ್ಲಾಡೋ ಟೇಬಲ್ ರೆಡಿ. ಅದರ ಮೇಲೆ ಫೋನ್ ಕಟ್ಟಿ ಫೈಫಾಕ್ಸ್ ಅನ್ನೋ ಉಚಿತ ಆ್ಯಪ್ ಹಾಕಿದ್ರೆ ನಿಮ್ಮ ಕೈ ಎಷ್ಟು ವೇಗೋತ್ಕರ್ಷ ಕೊಡ್ತಿದೆ ಅಂತ ಗ್ರಾಫ್ ಬರತ್ತೆ. ಮೊದ್ಲು ನಿಧಾನಕ್ಕೆ, ಆಮೇಲೆ ಬೇಗ ಬೇಗ ಅಲ್ಲಾಡ್ಸಿ, ಒಂದು ವೇಗದಲ್ಲಿ ಮಾದರಿ ಇದ್ದಕ್ಕಿದ್ದ ಹಾಗೆ ಜಾಸ್ತಿ ಕುಣಿಯೋಕೆ ಶುರು ಮಾಡತ್ತೆ, ಅದು ಅದರ ಸ್ವಂತ ಲಯ. ಅಲ್ಲಿ ಎಲ್ಲಿ ಬಾಗ್ತಿದೆ ಅಂತ ನೋಡಿ, ದೊಡ್ಡದ್ರಲ್ಲಿ ಬಲ ಕೊಡ್ಬೇಕಾದ ಜಾಗ ಅದೇ.

ಮುಂಬೈ ಮತ್ತೆ ಗೋವಾದವರು ಪುಣೆಯ 15 ಸೆಕೆಂಡನ್ನೇ ತಗೊಳ್ಬೇಡಿ. ಕೊಯ್ನಾನಗರದಿಂದ ಮುಂಬೈ, ಪಣಜಿ ಎರಡೂ ನೇರ ಗೆರೆಯಲ್ಲಿ ಸುಮಾರು 210 ಕಿಲೋಮೀಟರ್, ಅಂದ್ರೆ ಅಂತರ 26 ಸೆಕೆಂಡ್. ಸೆಕೆಂಡಿಗೆ 4 ಸೆಂ.ಮೀ. ಇಟ್ರೆ ಅರ್ಧಕ್ಕಿಂತ ಜಾಸ್ತಿ ಬೆಂಚು ಪಿಗೇ ಹೋಗತ್ತೆ, ಅದಕ್ಕೇ 3 ಸೆಂ.ಮೀ. ಮಾಡ್ಕೊಳ್ಳಿ: ಪಟ್ಟಿ 22 ಮಿ.ಮೀ., ಸಂದು ಸರಾಸರಿ 8, ಒಟ್ಟು 60 ಪಟ್ಟಿ, ಮೊದಲ 3 ನೇರ, 26 ಪಿ, ಉಳಿದ 31 ಎಸ್. ಪಿ ಭಾಗದ ಸಂದು 3 ಮತ್ತೆ 13ರಿಂದ ಶುರು ಮಾಡಿ, ಎರಡು ಕೂಡಿದ್ರೆ 16 ಬರ್ಬೇಕು. ಎಸ್ ಇಳಿಕೆಗೆ ಹತ್ತರಲ್ಲಿ ಒಂಬತ್ತರ ಬದಲು ನೂರರಲ್ಲಿ 92 ಭಾಗ ಇಟ್ರೆ ಕೊನೇ ಪಟ್ಟಿ 5 ಮಿ.ಮೀ.ಗೆ ಬಂದು ನಿಲ್ಲತ್ತೆ. ಪುಣೆಯಲ್ಲಿದ್ದು ಕಿಲ್ಲಾರಿಯ ಬೆಂಚು ಮಾಡೋರಿಗೆ ದೂರ ಸುಮಾರು 280 ಕಿಲೋಮೀಟರ್, ಅಂತರ 35 ಸೆಕೆಂಡ್, ಅದಕ್ಕೆ ಏಳಡಿ ಉದ್ದ ಬೇಕು, ಮಧ್ಯ ಮೂರನೇ ಜೋಡಿ ಕಾಲೂ ಬೇಕು.